ಹತ್ತು ಸಲ ತೊಳೆದರೂ ಹೋಗದ ವೈರಸ್: ಲ್ಯಾಬಿನಲ್ಲಿ ಬೆಳೆಯುವ ಭ್ರೂಣಗಳ ಕಾವಲು ಯಾರದು?

ಒಂದು ಪ್ಲಾಸ್ಟಿಕ್ ತಟ್ಟೆ. ಅದರಲ್ಲಿ ಸಾಲಾಗಿ ಹತ್ತು ಪುಟ್ಟ ಗುಳಿಗಳು, ಒಂದೊಂದರಲ್ಲೂ ಸ್ವಲ್ಪ ದ್ರಾವಣ. ಮೈಕ್ರೋಸ್ಕೋಪಿನ ಮುಂದೆ ಕೂತವರು ತೆಳ್ಳನೆ ನಳಿಕೆಯಲ್ಲಿ ಹಸುವಿನ ಏಳು ದಿನದ ಭ್ರೂಣಗಳನ್ನು ಹೀರಿ ಮೊದಲ ಗುಳಿಗೆ ಬಿಡುತ್ತಾರೆ. ಮೆಲ್ಲಗೆ ಅಲುಗಾಡಿಸುತ್ತಾರೆ. ಆ ನಳಿಕೆ ಎಸೆದು ಹೊಸದು ತಗೊಂಡು ಎರಡನೇ ಗುಳಿಗೆ ಸಾಗಿಸುತ್ತಾರೆ. ಮತ್ತೆ ಹೊಸ ನಳಿಕೆ, ಮೂರನೇ ಗುಳಿ. ಹೀಗೆ ಹತ್ತು ಸಲ. ಕೊನೆಗೆ ಭ್ರೂಣವನ್ನು ಕನಿಷ್ಠ 50 ಪಟ್ಟು ದೊಡ್ಡದಾಗಿ ಕಾಣುವ ಹಾಗೆ ಇಟ್ಟು, ಗೋಲಿಯಂತೆ ಉರುಳಿಸಿ ಸುತ್ತಲೂ ನೋಡುತ್ತಾರೆ. ಪೊರೆಯಲ್ಲಿ ಬಿರುಕಿಲ್ಲ ಅಲ್ವಾ? ಮೇಲೆ ಏನೂ ಅಂಟಿಕೊಂಡಿಲ್ಲ ಅಲ್ವಾ? ಎರಡೂ ಖಾತ್ರಿಯಾದರೆ ಮಾತ್ರ ಆ ಭ್ರೂಣ ಮುಂದಕ್ಕೆ ಹೋಗುತ್ತದೆ.

ಜಗತ್ತಿನ ಎಲ್ಲೇ ಆಗಲಿ, ಜಾನುವಾರು ಭ್ರೂಣ ಒಂದು ದೇಶದಿಂದ ಇನ್ನೊಂದಕ್ಕೆ ಹೋಗಬೇಕಾದರೆ ಈ ತೊಳೆತ ಆಗಲೇಬೇಕು. ಇದರ ವಿಧಾನವನ್ನು ಬರೆದಿಟ್ಟಿದ್ದು ಅಂತರರಾಷ್ಟ್ರೀಯ ಭ್ರೂಣ ತಂತ್ರಜ್ಞಾನ ಸಂಘ. ಅದನ್ನು ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ತನ್ನ ನಿಯಮಗಳಲ್ಲಿ ಒಪ್ಪಿಕೊಂಡಿದೆ. ಒಂದು ಸಲಕ್ಕೆ ಹತ್ತಕ್ಕಿಂತ ಹೆಚ್ಚು ಭ್ರೂಣ ತೊಳೆಯುವಂತಿಲ್ಲ. ಪ್ರತಿ ತೊಳೆತದಲ್ಲೂ ಹಿಂದಿನ ದ್ರಾವಣ ಕನಿಷ್ಠ ನೂರು ಪಟ್ಟು ತೆಳುವಾಗಬೇಕು. ಲೆಕ್ಕ ಹಾಕಿ ನೋಡಿ. ಹತ್ತು ತೊಳೆತ ಮುಗಿಯುವ ಹೊತ್ತಿಗೆ ಮೊದಲ ದ್ರಾವಣ ಒಂದರ ಮುಂದೆ 20 ಸೊನ್ನೆ ಇಟ್ಟಷ್ಟು ಪಟ್ಟು ತೆಳುವಾಗಿರುತ್ತದೆ. ಅಂದರೆ ಅದರಲ್ಲಿದ್ದ ವೈರಸ್ ಉಳಿಯುವ ಪ್ರಶ್ನೆಯೇ ಇಲ್ಲ.

ಆದರೆ ಈ ಲೆಕ್ಕ ನೀರಿನಲ್ಲಿ ತೇಲುವ ವೈರಸ್ಸಿಗೆ ಮಾತ್ರ ಸರಿ. ಗೋಡೆಗೆ ಅಂಟಿ ಕೂತಿರುವುದಕ್ಕೆ ಎಷ್ಟು ನೀರು ಸುರಿದರೇನು? ಹಸುವಿನ ಹೊಟ್ಟೆಯಲ್ಲಿ ಬೆಳೆದ ಭ್ರೂಣಕ್ಕೆ ಹೊಂದುವಂತೆ ಕಟ್ಟಿದ ಈ ಕಾವಲು, ತಟ್ಟೆಯಲ್ಲೇ ಹುಟ್ಟಿ ತಟ್ಟೆಯಲ್ಲೇ ಬೆಳೆದ ಭ್ರೂಣಕ್ಕೆ ಸಾಲದು. ಅಂಥ ಭ್ರೂಣಗಳೇ ಈಗ ಜಾಸ್ತಿ. 2016ರಲ್ಲಿ ಮೊದಲ ಸಲ, ಜಗತ್ತಿನಲ್ಲಿ ಲೆಕ್ಕಕ್ಕೆ ಸಿಕ್ಕ ದನದ ಭ್ರೂಣಗಳಲ್ಲಿ ಹಸುವಿನ ಗರ್ಭದಿಂದ ತೆಗೆದವುಗಳಿಗಿಂತ ಲ್ಯಾಬಿನಲ್ಲಿ ಮಾಡಿದವು ಹೆಚ್ಚಾದವು. ಆಮೇಲೆ ಎರಡೇ ವರ್ಷಕ್ಕೆ ಲ್ಯಾಬಿನ ಭ್ರೂಣಗಳು ವರ್ಷಕ್ಕೆ ಹತ್ತು ಲಕ್ಷ ದಾಟಿದವು. ಅದಕ್ಕೇ ಈ ವಿಷಯವನ್ನು ಈಗ ಬಿಡಿಸಿ ನೋಡಬೇಕಾಗಿದೆ.

ಪೊರೆಯೇ ಎಲ್ಲ

ಸಸ್ತನಿಗಳ ಮೊಟ್ಟೆಗೆ ಕೋಳಿಮೊಟ್ಟೆಯ ಹಾಗೆ ಗಟ್ಟಿ ಚಿಪ್ಪಿಲ್ಲ. ಅದರ ಜಾಗದಲ್ಲಿ ಗಾಜಿನಂತೆ ಪಾರದರ್ಶಕವಾದ ಒಂದು ಪೊರೆ ಇದೆ. ಝೋನಾ ಪೆಲ್ಯುಸಿಡಾ ಅಂತ ಹೆಸರು. ಲ್ಯಾಬಿನಲ್ಲಿ ಎಲ್ಲರೂ ಸುಮ್ನೆ ಝೋನಾ ಅನ್ನುತ್ತಾರೆ. ಹಸುವಿನ ಅಂಡಾಣು ಸುಮಾರು 120 ಮೈಕ್ರಾನ್ ಅಗಲ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಅದರ ಸುತ್ತ ಈ ಪೊರೆ ಹೆಚ್ಚುಕಡಿಮೆ 12ರಿಂದ 15 ಮೈಕ್ರಾನ್ ದಪ್ಪ. ಸಕ್ಕರೆಯ ಸರಪಳಿ ಹೊತ್ತ ಪ್ರೋಟೀನ್ ಎಳೆಗಳ ದಟ್ಟ ಜಾಲರಿ ಇದು. ಮೊದಲ ಎಂಟೊಂಬತ್ತು ದಿನ ಭ್ರೂಣ ಇದರೊಳಗೇ ಎರಡಾಗಿ, ನಾಲ್ಕಾಗಿ, ಎಂಟಾಗಿ ಬೆಳೆಯುತ್ತದೆ. ಆಮೇಲೆ ಪೊರೆ ಒಡೆದು ಹೊರಗೆ ಬರುತ್ತದೆ.

ಆ ವಯಸ್ಸಿನ ಭ್ರೂಣಕ್ಕೆ ರಕ್ತವಿಲ್ಲ, ಪ್ರತಿಕಾಯಗಳಿಲ್ಲ, ಬಿಳಿ ರಕ್ತಕಣಗಳಿಲ್ಲ. ದನದ ಭ್ರೂಣ ತನ್ನ ಸ್ವಂತ ಜೀನ್‌ಗಳನ್ನು ಜೋರಾಗಿ ಬಳಸಲು ಶುರುಮಾಡುವುದೇ 8ರಿಂದ 16 ಕೋಶಗಳ ಹಂತದಲ್ಲಿ. ಅಲ್ಲಿಯವರೆಗೆ ತಾಯಿ ಅಂಡಾಣುವಿನಲ್ಲಿ ಕಟ್ಟಿ ಕೊಟ್ಟ ಬುತ್ತಿಯಲ್ಲೇ ಬದುಕು. ಹಾಗಾಗಿ ವೈರಸ್ಸಿನ ಎದುರು ಅದಕ್ಕಿರುವ ದೊಡ್ಡ ಆಸರೆ ಅಂದರೆ ಈ ಪೊರೆ.

ಪೊರೆ ಎಷ್ಟು ಗಟ್ಟಿ ಕಾವಲು ಅನ್ನುವುದನ್ನು ಪ್ರಯೋಗಗಳು ಚೆನ್ನಾಗಿ ತೋರಿಸಿವೆ. ಪೊರೆ ಇರುವ ಭ್ರೂಣವನ್ನು ವೈರಸ್ ತುಂಬಿದ ದ್ರಾವಣದಲ್ಲಿ ಇಟ್ಟರೆ ಒಳಗಿನ ಕೋಶಗಳಿಗೆ ಸೋಂಕು ತಗಲುವುದಿಲ್ಲ. ಪೊರೆ ಕರಗಿಸಿ ತೆಗೆದರೆ, ಅಥವಾ ಭ್ರೂಣ ತಾನಾಗಿ ಪೊರೆ ಒಡೆದು ಹೊರಬಂದ ಮೇಲೆ ಇಟ್ಟರೆ, ಹಲವು ವೈರಸ್‌ಗಳು ಒಳಗೆ ನುಗ್ಗಿ ಮರಿ ಮಾಡಲು ಶುರುಮಾಡುತ್ತವೆ. ದನದ ಹರ್ಪಿಸ್ ವೈರಸ್ಸಿನಲ್ಲಿ ಇದು ಕಂಡಿದೆ. ದನಗಳಿಗೆ ಭೇದಿ ತರುವ ಬಿವಿಡಿ ವೈರಸ್, ನೀಲಿ ನಾಲಿಗೆ ರೋಗದ ವೈರಸ್, ಹಂದಿಯ ಸರ್ಕೋವೈರಸ್ ಇವುಗಳಲ್ಲೂ ಕಂಡಿದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಪೊರೆಯ ಮೇಲ್ಮೈ ಜೇನುಹುಟ್ಟಿನ ಹಾಗೆ ತೂತು ತೂತು. ಆ ತೂತುಗಳ ಬಾಯಿ ನೂರಾರು ನ್ಯಾನೋಮೀಟರ್ ಅಗಲ (ನ್ಯಾನೋಮೀಟರ್ ಅಂದರೆ ಮೈಕ್ರಾನಿನ ಸಾವಿರದಲ್ಲೊಂದು ಭಾಗ). ಬಿವಿಡಿ ವೈರಸ್ ಬರೀ 40ರಿಂದ 60 ನ್ಯಾನೋಮೀಟರ್. ಅಂದರೆ ಬಾಗಿಲು ದೊಡ್ಡದೇ. ಹಾಗಿದ್ದರೂ ವೈರಸ್ ಒಳಗೆ ಯಾಕೆ ತಲುಪುವುದಿಲ್ಲ? ಬೆಲ್ಜಿಯಂನ ಘೆಂಟ್ ವಿಶ್ವವಿದ್ಯಾಲಯದವರು ವೈರಸ್ಸಿನ ಗಾತ್ರದ ಹೊಳೆಯುವ ಮಣಿಗಳನ್ನು ಬಿಟ್ಟು ಇದನ್ನು ಪರೀಕ್ಷಿಸಿದರು. ಸಣ್ಣ ಮಣಿಗಳು ಪೊರೆಯೊಳಗೆ ಸ್ವಲ್ಪ ದೂರ ನುಗ್ಗಿದವು. ಆದರೆ ಭ್ರೂಣದ ಕೋಶಗಳವರೆಗೆ ಹೋಗಲಿಲ್ಲ. ಹೊರಗೆ ಬಾಯಿ ಅಗಲ, ಒಳಗೆ ಹೋದಂತೆ ದಾರಿ ಇಕ್ಕಟ್ಟು.

ಈ ಫಲಿತಾಂಶದಲ್ಲಿ ಸಮಾಧಾನವೂ ಇದೆ, ದಿಗಿಲೂ ಇದೆ. ಕೋಶ ಸುರಕ್ಷಿತ ಅನ್ನುವುದು ಸಮಾಧಾನ. ಆದರೆ ಪೊರೆಯ ನಡುವಿನಲ್ಲಿ ಸಿಕ್ಕಿಕೊಂಡ ವೈರಸ್ಸನ್ನು ಯಾವ ತೊಳೆತ ಮುಟ್ಟೀತು? ಅದು ಅಲ್ಲೇ ಕೂತು ಭ್ರೂಣದ ಜೊತೆ ಗರ್ಭಕೋಶಕ್ಕೆ ಪ್ರಯಾಣ ಮಾಡಬಹುದು. ಭ್ರೂಣಕ್ಕೆ ಸೋಂಕಿಲ್ಲದೇ ಇರಬಹುದು, ಆದರೆ ಅದು ಸೋಂಕನ್ನು ಹೊತ್ತು ತರಬಹುದು. ಇವೆರಡನ್ನೂ ಬೇರೆ ಬೇರೆಯಾಗಿ ನೋಡದಿದ್ದರೆ ಇಡೀ ಚರ್ಚೆ ಗೋಜಲಾಗುತ್ತದೆ.

ಗರ್ಭದ ಪೊರೆ, ತಟ್ಟೆಯ ಪೊರೆ

ಮೊದಲೆಲ್ಲ ಭ್ರೂಣ ವರ್ಗಾವಣೆ ಅಂದರೆ ಒಂದೇ ದಾರಿ. ಒಳ್ಳೆ ಹಸುವಿಗೆ ಹಾರ್ಮೋನ್ ಕೊಟ್ಟು, ಕೃತಕ ಗರ್ಭಧಾರಣೆ ಮಾಡಿಸಿ, ಏಳನೇ ದಿನ ಗರ್ಭಕೋಶಕ್ಕೆ ದ್ರಾವಣ ಹಾಯಿಸಿ ಭ್ರೂಣಗಳನ್ನು ತೊಳೆದು ತೆಗೆಯುವುದು. ಅವನ್ನು ಸಾಮಾನ್ಯ ಹಸುಗಳ ಗರ್ಭಕ್ಕೆ ಇಡುವುದು. ಹೀಗೆ ಮೊದಲ ಕರು ಹುಟ್ಟಿದ್ದು 1951ರಲ್ಲಿ, ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ. ಆಮೇಲಿನ ದಶಕಗಳಲ್ಲಿ ಸಂಶೋಧಕರು ಒಂದೊಂದೇ ರೋಗ ಹಿಡಿದು ಪರೀಕ್ಷೆ ಮಾಡುತ್ತ ಬಂದರು. ರೋಗ ಬಂದ ಹಸುವಿನಿಂದ ಭ್ರೂಣ ತೆಗೆದು, ತೊಳೆದು, ಆರೋಗ್ಯವಂತ ಹಸುವಿಗೆ ಇಟ್ಟರು. ತಾಯಿಗಾಗಲಿ ಕರುವಿಗಾಗಲಿ ರೋಗ ಬಂತಾ ಅಂತ ಕಾದು ನೋಡಿದರು. ತಾಳ್ಮೆ ಬೇಡುವ ಕೆಲಸ ಇದು, ಬಹಳ ದೊಡ್ಡ ಕೆಲಸ. ಅದರಿಂದಲೇ ಗೊತ್ತಾಗಿದ್ದು: ಸರಿಯಾಗಿ ತೊಳೆದರೆ ದನಗಳಲ್ಲಿ ಕಾಲುಬಾಯಿ ರೋಗ, ನೀಲಿ ನಾಲಿಗೆ ರೋಗ, ಲ್ಯುಕೋಸಿಸ್ ಅನ್ನುವ ರಕ್ತದ ಕ್ಯಾನ್ಸರ್ ಇಂಥವು ಭ್ರೂಣದ ಮೂಲಕ ಹರಡುವ ಅಪಾಯ ತೀರಾ ಕಡಿಮೆ. ದನದ ಹರ್ಪಿಸ್ ವೈರಸ್ ಪೊರೆಗೆ ಅಂಟುವ ಜಾತಿ. ಅದಕ್ಕೆ ತೊಳೆತದ ನಡುವೆ ಟ್ರಿಪ್ಸಿನ್ ಕಿಣ್ವದ ಸ್ನಾನವೂ ಬೇಕು. ಜೀವಂತ ದನವನ್ನು ಹಡಗು, ವಿಮಾನದಲ್ಲಿ ಸಾಗಿಸುವುದಕ್ಕಿಂತ ಭ್ರೂಣ ಕಳಿಸುವುದು ಎಷ್ಟೋ ಸುರಕ್ಷಿತ ಅನ್ನುವ ಮಾತಿಗೆ ಬಲ ಬಂದಿದ್ದು ಹೀಗೆ. ಆ ಮಾತು ಈಗಲೂ ನಿಜ.

ಎರಡನೇ ದಾರಿ ತೆರೆದದ್ದು 1981ರಲ್ಲಿ, ದೇಹದ ಹೊರಗೆ ಫಲಿತಗೊಂಡ ಅಂಡಾಣುವಿನಿಂದ ಮೊದಲ ಕರು ಹುಟ್ಟಿದಾಗ. ಈಗ ಅಂಡಾಶಯದಿಂದ ನೇರವಾಗಿ ಬಲಿಯದ ಅಂಡಾಣುಗಳನ್ನು ಸೂಜಿಯಲ್ಲಿ ಹೀರುತ್ತಾರೆ. ಒಂದು ದಿನ ತಟ್ಟೆಯಲ್ಲಿ ಬಲಿಸುತ್ತಾರೆ. ಮರುದಿನ ವೀರ್ಯಾಣು ಬಿಡುತ್ತಾರೆ. ಆಮೇಲೆ ಏಳು ದಿನ ಇನ್‌ಕ್ಯುಬೇಟರಿನಲ್ಲಿ ದೇಹದಷ್ಟೇ ಬಿಸಿಯಲ್ಲಿ ಬೆಳೆಸುತ್ತಾರೆ. ಅಂಡನಾಳದ ಮುಖವನ್ನೇ ಈ ಭ್ರೂಣ ಕಂಡಿರುವುದಿಲ್ಲ.

ಅದರಿಂದ ಏನಾಯಿತು? ಗರ್ಭದಲ್ಲಿ ಬೆಳೆಯುವ ಭ್ರೂಣ ಅಂಡನಾಳದಲ್ಲಿ ಸಾಗುವಾಗ ಅಲ್ಲಿನ ಸ್ರಾವ ಪೊರೆಯ ಮೇಲೆ ಕೂರುತ್ತದೆ, ಪೊರೆಯ ಗುಣವೇ ಬದಲಾಗುತ್ತದೆ. ತಟ್ಟೆಯ ಭ್ರೂಣಕ್ಕೆ ಆ ಹದ ಸಿಗುವುದಿಲ್ಲ. ಎರಡೂ ಪೊರೆ ನೋಡಲು ಒಂದೇ ಥರ ಇದ್ದರೂ, ತಟ್ಟೆಯದಕ್ಕೆ ವೈರಸ್ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಬಿವಿಡಿ ವೈರಸ್ಸಿನ ಜೊತೆ ಇಟ್ಟ ಲ್ಯಾಬ್ ಭ್ರೂಣಗಳನ್ನು ನಿಯಮದ ಪ್ರಕಾರ ಹತ್ತು ಸಲ ತೊಳೆದ ಮೇಲೂ ಅವುಗಳಲ್ಲಿ ಕೆಲವಕ್ಕೆ ವೈರಸ್ ಅಂಟಿಕೊಂಡೇ ಇತ್ತು. ಟ್ರಿಪ್ಸಿನ್ ಬಳಸಿದರೂ ಪೂರ್ತಿ ಭರವಸೆ ಸಿಗಲಿಲ್ಲ. ಗರ್ಭದ ಭ್ರೂಣಕ್ಕೆ ಸಾಬೀತಾದದ್ದನ್ನು ಲ್ಯಾಬ್ ಭ್ರೂಣಕ್ಕೆ ಹಾಗೇ ಅನ್ವಯಿಸುವಂತಿಲ್ಲ. ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ನಿಯಮದಲ್ಲೂ ಇವೆರಡಕ್ಕೆ ಬೇರೆ ಬೇರೆ ಅಧ್ಯಾಯಗಳಿವೆ.

ಸದ್ದಿಲ್ಲದೆ ಬರುವ ಬಿವಿಡಿ

ಲ್ಯಾಬಿನವರ ನಿದ್ದೆ ಕೆಡಿಸುವ ವೈರಸ್ ಯಾವುದು ಅಂತ ಕೇಳಿದರೆ ನಾನು ಬಿವಿಡಿಯನ್ನೇ ತೋರಿಸುತ್ತೇನೆ. ಹೆಸರು ಪೂರ್ತಿ ಹೇಳಿದರೆ ಬೋವೈನ್ ವೈರಲ್ ಡಯೇರಿಯಾ, ಅಂದರೆ ದನಗಳ ವೈರಸ್ ಭೇದಿ. ಹೆಸರಿನಲ್ಲಿ ಭೇದಿ ಇದ್ದರೂ ನಿಜವಾದ ಹಾನಿ ಗಬ್ಬದ ಹಸುಗಳಲ್ಲಿ. ಗಬ್ಬ ನಿಲ್ಲುವುದಿಲ್ಲ, ಕಂದು ಹಾಕುತ್ತವೆ, ಊನ ಇರುವ ಕರು ಹುಟ್ಟುತ್ತದೆ.

ಈ ವೈರಸ್ಸಿನಲ್ಲಿ ಎರಡು ಬಗೆ. ಒಂದು ಕೋಶಗಳನ್ನು ಕೊಲ್ಲುತ್ತದೆ. ಇನ್ನೊಂದು ಕೊಲ್ಲುವುದಿಲ್ಲ, ಸುಮ್ನೆ ಒಳಗೆ ಕೂತು ಬದುಕುತ್ತದೆ. ಹೆಚ್ಚಾಗಿ ಸಿಗುವುದು ಈ ಎರಡನೆಯದೇ. ಹಸುವಿನ ಗಬ್ಬದ ಸುಮಾರು 40ರಿಂದ 120ನೇ ದಿನದ ನಡುವೆ ಹೊಟ್ಟೆಯ ಕರುವಿಗೆ ಇದು ತಗಲಿದರೆ, ಕರುವಿನ ರೋಗನಿರೋಧಕ ಶಕ್ತಿ ಅದನ್ನು ಪರಕೀಯ ಅಂತ ಗುರುತಿಸುವುದೇ ಇಲ್ಲ. ತನ್ನದೇ ಅಂದುಕೊಳ್ಳುತ್ತದೆ. ಹಾಗೆ ಹುಟ್ಟಿದ ಕರು ಜೀವನಪೂರ್ತಿ ವೈರಸ್ ಹೊತ್ತುಕೊಂಡು, ಸಿಂಬಳ, ಜೊಲ್ಲು, ಸಗಣಿ, ಗಂಜಲ ಎಲ್ಲದರಲ್ಲೂ ಅದನ್ನು ಸುರಿಯುತ್ತಿರುತ್ತದೆ. ಇಂಥ ಕರು ಕೆಲವೊಮ್ಮೆ ನೋಡಲು ಗಟ್ಟಿಮುಟ್ಟಾಗೇ ಇರುತ್ತದೆ.

ಈಗ ಇದನ್ನು ಲ್ಯಾಬಿಗೆ ತನ್ನಿ. ಕೋಶ ಕೊಲ್ಲದ ವೈರಸ್ ಅಂದರೆ ಮೈಕ್ರೋಸ್ಕೋಪಿನಲ್ಲಿ ಏನೂ ಕಾಣುವುದಿಲ್ಲ. ತಟ್ಟೆ ಮಂಜಾಗುವುದಿಲ್ಲ, ಬ್ಯಾಕ್ಟೀರಿಯಾ ಬಂದಾಗ ಆಗುವ ಹಾಗೆ ದ್ರಾವಣದ ಬಣ್ಣ ಹಳದಿಗೆ ತಿರುಗುವುದಿಲ್ಲ. ಭ್ರೂಣಗಳು ಎಂದಿನಂತೆ ಒಡೆದು ಬೆಳೆಯಬಹುದು. "ಈ ವಾರ ಚೆನ್ನಾಗಿ ಬಂದಿದೆ" ಅಂತ ಖುಷಿಪಡುವ ದಿನವೂ ಅದು ತಟ್ಟೆಯಲ್ಲಿ ಇರಬಹುದು. ಹುಡುಕಿದರೆ ಮಾತ್ರ ಸಿಗುತ್ತದೆ.

ಬರುವ ದಾರಿಗಳೋ ಹಲವು. ಕಸಾಯಿಖಾನೆಯಿಂದ ತಂದ ಅಂಡಾಶಯಗಳು ಮೊದಲನೆಯದು. ಯಾವ ದನದ್ದು, ಅದಕ್ಕೇನಿತ್ತು, ಯಾರಿಗೂ ಗೊತ್ತಿರುವುದಿಲ್ಲ. ಹತ್ತಾರು ದನಗಳ ಅಂಡಾಣು ಒಂದೇ ತಟ್ಟೆ ಸೇರುತ್ತವೆ. ಅವುಗಳಲ್ಲಿ ಜೀವನಪೂರ್ತಿ ಸೋಂಕಿರುವ ಒಂದು ದನ ಇದ್ದರೂ ಮುಗಿಯಿತು. ಅಂಡಾಣುವಿನ ಸುತ್ತ ಮೋಡದಂತೆ ಮುತ್ತಿಕೊಂಡಿರುವ ಕ್ಯುಮುಲಸ್ ಕೋಶಗಳಲ್ಲಿ ಈ ವೈರಸ್ ಚೆನ್ನಾಗಿ ಬೆಳೆಯುತ್ತದೆ. ಅಂಡಾಣುವಿಗೆ ಪೊರೆಯ ಕಾವಲಿದೆ, ಈ ಕೋಶಗಳಿಗೆ ಇಲ್ಲ. ಭ್ರೂಣದ ಜೊತೆಗೆ ಅಂಡನಾಳದ ಕೋಶಗಳನ್ನೂ ಬೆಳೆಸುವ ಹಳೆ ಪದ್ಧತಿಯಲ್ಲೂ ಇದೇ ತೊಂದರೆ. ಕಾವಲಿಲ್ಲದ ಕೋಶಗಳು ವೈರಸ್ ಕಾರ್ಖಾನೆಯಾಗಿ, ಪಕ್ಕದಲ್ಲಿರುವ ಭ್ರೂಣದ ಪೊರೆಗೆ ದಿನಗಟ್ಟಲೆ ವೈರಸ್ ಬಳಿಯುತ್ತಿರುತ್ತವೆ.

ಇನ್ನು ಸೀರಮ್. ಹುಟ್ಟದ ಕರುವಿನ ರಕ್ತದಿಂದ ತೆಗೆದ ಇದನ್ನು ಕೋಶ ಬೆಳೆಸುವ ಎಲ್ಲ ಕಡೆ ದಶಕಗಳಿಂದ ಬಳಸುತ್ತ ಬಂದಿದ್ದಾರೆ. ಬಹಳ ಕರುಗಳ ರಕ್ತ ಒಟ್ಟು ಸೇರಿಸಿ ಒಂದು ಬ್ಯಾಚ್ ಮಾಡುತ್ತಾರೆ. ಒಂದು ಕರುವಿಗೆ ಬಿವಿಡಿ ಇದ್ದರೂ ಬ್ಯಾಚ್ ಪೂರ್ತಿ ಕೆಟ್ಟಂತೆ. ಸೀರಮ್ಮನ್ನು 56 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸುವ ರೂಢಿ ಇದೆ. ಆದರೆ ಬಿವಿಡಿ ಅದರಿಂದ ಪೂರ್ತಿ ಸಾಯುತ್ತದೆ ಅಂತ ನಂಬುವಂತಿಲ್ಲ. ಗಾಮಾ ಕಿರಣ ಹಾಯಿಸಿದ ಸೀರಮ್ ಹೆಚ್ಚು ಭದ್ರ. ಸೀರಮ್ಮೇ ಇಲ್ಲದ ದ್ರಾವಣ ಇನ್ನೂ ಒಳ್ಳೆಯದು.

ತೊಳೆಯಲು ಬಳಸುವ ಟ್ರಿಪ್ಸಿನ್ ಕೂಡ ಹಂದಿಯ ಮೇದೋಜೀರಕ ಗ್ರಂಥಿಯಿಂದ ಬರುತ್ತದೆ ಅನ್ನುವುದನ್ನು ಮರೆಯಬಾರದು. 2010ರಲ್ಲಿ ಮಕ್ಕಳಿಗೆ ಕೊಡುವ ರೋಟಾವೈರಸ್ ಲಸಿಕೆಯಲ್ಲಿ ಹಂದಿಯ ಸರ್ಕೋವೈರಸ್ಸಿನ ಡಿಎನ್ಎ ಸಿಕ್ಕಿ, ಅಮೆರಿಕದಲ್ಲಿ ಅದರ ಬಳಕೆಯನ್ನು ಸ್ವಲ್ಪ ಕಾಲ ತಡೆಹಿಡಿದಿದ್ದರು. ಕೋಶ ಬೆಳೆಸುವಾಗ ಬಳಸಿದ ಟ್ರಿಪ್ಸಿನ್ ಕಡೆಗೇ ಬೆರಳು ತೋರಿತು. ಆ ವೈರಸ್ ಮನುಷ್ಯರಿಗೆ ಹಾನಿ ಮಾಡುವುದಲ್ಲ, ಮಕ್ಕಳಿಗೆ ಏನೂ ಆಗಲಿಲ್ಲ. ಆದರೆ ಅಷ್ಟು ಬಿಗಿ ತಪಾಸಣೆ ಇರುವ ಕಡೆಯೇ ಹೀಗೆ ನುಸುಳಿತ್ತು.

ಕೊನೆಯದು ವೀರ್ಯ. ಹೋರಿಯ ರಕ್ತ ಪರೀಕ್ಷೆ ಮಾಡಿ, ವೈರಸ್ ಇಲ್ಲ ಅಂತ ಬಂದರೆ ಸಾಕು ಅನ್ನಿಸಬಹುದು. ಸಾಲದು. ರಕ್ತದಲ್ಲಿ ವೈರಸ್ ಇಲ್ಲದ, ಪ್ರತಿಕಾಯ ಚೆನ್ನಾಗಿರುವ ಒಂದು ಹೋರಿಯ ವೃಷಣದಲ್ಲಿ ಮಾತ್ರ ಬಿವಿಡಿ ಕೂತು, ವೀರ್ಯದಲ್ಲಿ ನಿರಂತರ ಹೊರಬರುತ್ತಿದ್ದ ಸಂಗತಿ 1998ರಲ್ಲಿ ವರದಿಯಾಗಿದೆ. ರಕ್ತದ ಕಾವಲುಗಾರರು ಸುಲಭಕ್ಕೆ ಕಾಲಿಡಲಾಗದ ಜಾಗ ವೃಷಣ. ಹಾಗಾಗಿ ಹೋರಿಯ ರಕ್ತದ ಜೊತೆಗೆ ವೀರ್ಯವನ್ನೂ ಪರೀಕ್ಷಿಸಬೇಕು.

ನಾವೇ ಕೊರೆಯುವ ತೂತು

ಪೊರೆ ಭದ್ರವಾಗಿದ್ದರೆ ಹೀಗೆಲ್ಲ. ಆದರೆ ಈಗಿನ ತಂತ್ರಜ್ಞಾನದ ಹಲವು ಹೆಜ್ಜೆಗಳು ಪೊರೆಯನ್ನು ಒಡೆಯುವುದರಿಂದಲೇ ಶುರು. ಭ್ರೂಣ ಗಂಡೋ ಹೆಣ್ಣೋ, ಹಾಲು ಎಷ್ಟು ಕೊಟ್ಟೀತು ಅಂತ ಜೀನ್ ನೋಡಲು ಪೊರೆ ಸೀಳಿ ನಾಲ್ಕಾರು ಕೋಶ ತೆಗೆಯುತ್ತಾರೆ. ಕುದುರೆಗಳಲ್ಲಿ ವೀರ್ಯಾಣುವನ್ನು ಸೂಜಿಯಿಂದ ಅಂಡಾಣುವಿನೊಳಗೇ ಚುಚ್ಚುವುದು ಸಾಮಾನ್ಯ ಪದ್ಧತಿ. ಕ್ಲೋನಿಂಗ್‌ನಲ್ಲಿ ಅಂಡಾಣುವಿನ ಕೋಶಕೇಂದ್ರ ಹೀರಿ ತೆಗೆದು, ಬೇರೆ ಕೋಶವನ್ನು ಒಳಗೆ ಇಡುತ್ತಾರೆ. ಆ ಬೇರೆ ಕೋಶಕ್ಕೇ ಸೋಂಕಿದ್ದರೆ? ಕ್ಲೋನಿಂಗ್‌ಗಾಗಿ ಬೆಳೆಸಿದ ದನದ ಕೋಶಗಳಲ್ಲಿ ಬಿವಿಡಿ ಸಿಕ್ಕಿದ ಉದಾಹರಣೆಗಳಿವೆ. ಇಲ್ಲಿ ಪೊರೆ ದಾಟುವ ಕಷ್ಟವೇ ವೈರಸ್ಸಿಗಿಲ್ಲ. ನಮ್ಮ ಕೈಯಾರೆ ನಾವೇ ಒಳಗೆ ಕೂರಿಸಿದ ಹಾಗೆ.

ಪೊರೆ ಸೀಳಿದ ಭ್ರೂಣಕ್ಕೆ ಹತ್ತು ತೊಳೆತದ ನಿಯಮ ನೀಡುವ ಭರವಸೆ ಸಿಗುವುದಿಲ್ಲ. ಆ ನಿಯಮದ ಮೊದಲ ಷರತ್ತೇ "ಪೊರೆ ಅಖಂಡವಾಗಿರಬೇಕು" ಅಂತ. ಅದಕ್ಕೆ ತೊಳೆತವನ್ನು ಪೊರೆ ಸೀಳುವ ಮೊದಲೇ ಮುಗಿಸಬೇಕು, ಸೀಳುವ ದ್ರಾವಣ, ಸೂಜಿ ಎಲ್ಲವೂ ಅಷ್ಟೇ ಶುದ್ಧವಾಗಿರಬೇಕು.

ಹಾಗೇ ದ್ರವ ಸಾರಜನಕದ ಬಗ್ಗೆ ಒಂದು ಮಾತು. ಮೈನಸ್ 196 ಡಿಗ್ರಿಯಲ್ಲಿ ಎಲ್ಲವೂ ಸತ್ತೇ ಹೋಗುತ್ತದೆ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಸಾಯುವುದಿಲ್ಲ, ಭ್ರೂಣದಂತೆ ವೈರಸ್ಸೂ ಅಲ್ಲಿ ಜೋಪಾನವಾಗಿ ಉಳಿಯುತ್ತದೆ. ವೈರಸ್ ಬೆರೆಸಿದ ಸಾರಜನಕದಲ್ಲಿ ಭ್ರೂಣ ಇಟ್ಟು ನೋಡಿದ ಪ್ರಯೋಗದಲ್ಲಿ, ಮುಚ್ಚದ ನಳಿಕೆಗಳಲ್ಲಿದ್ದ ಭ್ರೂಣಗಳಿಗೆ ಅದು ದಾಟಿತು. ಬಾಯಿ ಮುಚ್ಚಿದ ನಳಿಕೆಗಳಲ್ಲಿದ್ದವಕ್ಕೆ ದಾಟಲಿಲ್ಲ. ಪರಿಹಾರ ಅಷ್ಟು ಸರಳ.

ಹಾಗಾದರೆ ಅಪಾಯ ಎಷ್ಟು?

ಇಲ್ಲಿ ನ್ಯಾಯವಾಗಿ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ತೊಳೆದ ಭ್ರೂಣದಲ್ಲಿ, ವೈರಸ್ಸಿನ ಜೀನ್ ಚೂರು ಹುಡುಕುವ ಪಿಸಿಆರ್ ಪರೀಕ್ಷೆಗೆ ವೈರಸ್ ಸಿಕ್ಕಿತು ಅಂದ ಮಾತ್ರಕ್ಕೆ, ಅದನ್ನು ಹೊತ್ತ ಹಸುವಿಗೆ ರೋಗ ಬರುತ್ತದೆ ಅಂತ ಅಲ್ಲ. ಪಿಸಿಆರ್ ಸತ್ತ ವೈರಸ್ಸಿನ ಚೂರನ್ನೂ ಹಿಡಿಯುತ್ತದೆ. ಪೊರೆಗೆ ಅಂಟಿದ ವೈರಸ್ಸಿನ ಪ್ರಮಾಣ ಸೋಂಕು ತಗಲಿಸುವಷ್ಟು ಇಲ್ಲದೇ ಇರಬಹುದು. ಬಿವಿಡಿ ತಗಲಿಸಿದ ಭ್ರೂಣಗಳನ್ನು ಹಸುಗಳಿಗೆ ಇಟ್ಟ ಪ್ರಯೋಗಗಳಲ್ಲಿ ಕೆಲವು ಕಡೆ ಹಸುಗಳಲ್ಲಿ ಪ್ರತಿಕಾಯ ಹುಟ್ಟಿತು, ಅಂದರೆ ಸೋಂಕು ದಾಟಿತ್ತು. ಇನ್ನು ಕೆಲವು ಕಡೆ ಏನೂ ಆಗಲಿಲ್ಲ. ವೈರಸ್ಸಿನ ತಳಿ, ಪ್ರಮಾಣ, ಭ್ರೂಣ ಗರ್ಭದ್ದೋ ಲ್ಯಾಬಿನದ್ದೋ ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಇನ್ನೊಂದು ತೊಡಕು: ವೈರಸ್ ಇದೆಯಾ ಅಂತ ಒಂದು ಭ್ರೂಣವನ್ನು ಪೂರ್ತಿ ಪರೀಕ್ಷಿಸಬೇಕಾದರೆ ಅದನ್ನು ಅರೆದು ನಾಶ ಮಾಡಬೇಕು. ಅರೆದ ಮೇಲೆ ಯಾವ ಹಸುವಿಗೆ ಇಡುತ್ತೀರಿ? ಅದಕ್ಕೇ ಅದೇ ತಟ್ಟೆಯಲ್ಲಿ ಬೆಳೆಯದೆ ನಿಂತುಹೋದ ಭ್ರೂಣಗಳು, ಫಲಿತವಾಗದ ಅಂಡಾಣುಗಳು, ಉದುರಿದ ಕ್ಯುಮುಲಸ್ ಕೋಶಗಳು, ತೊಳೆದ ದ್ರಾವಣ ಇವನ್ನು ಪರೀಕ್ಷೆಗೆ ಕಳಿಸುತ್ತಾರೆ. ಒಡಹುಟ್ಟಿದವು ಸಾಕ್ಷಿ ಹೇಳುತ್ತವೆ. ನನ್ನ ಮಟ್ಟಿಗೆ ಇದು ಇಡೀ ವ್ಯವಸ್ಥೆಯ ಅತ್ಯಂತ ಬೆಲೆಬಾಳುವ ಹೆಜ್ಜೆ. ಕಸ ಅಂತ ಬಿಸಾಡುವ ವಸ್ತುವೇ ಸುದ್ದಿ ಕೊಡುತ್ತದೆ. ಪ್ರತಿ ಬ್ಯಾಚಿಗೂ ಇದನ್ನು ತಪ್ಪದೆ ಮಾಡುವ ಲ್ಯಾಬನ್ನು ನಾನು ನಂಬುತ್ತೇನೆ. "ನಾವು ಹತ್ತು ಸಲ ತೊಳೆದಿದ್ದೇವೆ" ಅಂತ ಮಾತ್ರ ಹೇಳುವ ಲ್ಯಾಬಿಗೆ ಇನ್ನಷ್ಟು ಪ್ರಶ್ನೆ ಕೇಳುತ್ತೇನೆ: ಅಂಡಾಣು ಎಲ್ಲಿಂದ ಬಂತು, ಸೀರಮ್ ಬಳಸುತ್ತೀರಾ, ಬಳಸಿದರೆ ಕಿರಣ ಹಾಯಿಸಿದ್ದಾ, ವೀರ್ಯವನ್ನು ಪರೀಕ್ಷಿಸಿದ್ದೀರಾ? ಇವು ತೊಳೆಯುವ ಮೊದಲಿನ ಪ್ರಶ್ನೆಗಳು. ವೈರಸ್ ಒಳಗೆ ಬಾರದಿದ್ದರೆ ತೊಳೆತಕ್ಕೆ ಆ ಭಾರವೇ ಬೀಳುವುದಿಲ್ಲ.

ಇದೇ ತಂತ್ರಜ್ಞಾನದಿಂದ ವೈರಸ್ಸಿಗೇ ಬಾಗಿಲು ಮುಚ್ಚುವ ಪ್ರಯತ್ನವೂ ನಡೆದಿದೆ. ಬಿವಿಡಿ ಕೋಶದೊಳಗೆ ಹೋಗಲು ಸಿಡಿ46 ಅನ್ನುವ ಪ್ರೋಟೀನನ್ನು ಹಿಡಿಯುತ್ತದೆ. ಅಮೆರಿಕದ ಸಂಶೋಧಕರು ಗೀರ್ ತಳಿಯ ಕರುವೊಂದರಲ್ಲಿ ಆ ಪ್ರೋಟೀನಿನ ಆರು ಕೊಂಡಿಗಳನ್ನು ಜೀನ್ ತಿದ್ದಿ ಬದಲಿಸಿದರು. ಸೋಂಕಿತ ಕರುವಿನ ಜೊತೆ ಕಟ್ಟಿ ಸಾಕಿದರೂ ಅದಕ್ಕೆ ಬಿವಿಡಿ ಹೆಚ್ಚು ತಟ್ಟಲಿಲ್ಲ ಅಂತ 2023ರಲ್ಲಿ ಪ್ರಕಟಿಸಿದರು. ಹಂದಿಗಳಲ್ಲಿ ಗಬ್ಬ ಕೆಡಿಸಿ ಉಸಿರಾಟದ ರೋಗ ತರುವ ಪಿಆರ್‌ಆರ್‌ಎಸ್ ವೈರಸ್ಸಿಗೆ ಇದೇ ರೀತಿ ಬಾಗಿಲು ಮುಚ್ಚಿದ ತಳಿಗೆ 2025ರಲ್ಲಿ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿದೆ. ಆದರೆ ಅಂಥ ಪ್ರಾಣಿಗಳನ್ನು ಮಾಡುವುದಕ್ಕೂ ಮೊದಲು ಪೊರೆಯ ಕಾವಲು ದಾಟಬೇಕು. ಅಲ್ಲಿನ ದ್ರಾವಣ, ಕೋಶ, ಸೂಜಿಗಳ ಶುದ್ಧಿ ಇನ್ನೂ ದೊಡ್ಡ ಹೊಣೆ.

ಏಳನೇ ದಿನ ಭ್ರೂಣವನ್ನು ಹಸುವಿಗೆ ಇಡುವುದಕ್ಕೆ ಒಂದು ಕಾರಣ ಪೊರೆ ಇನ್ನೂ ಉಳಿದಿರುತ್ತದೆ ಅನ್ನುವುದೂ ಹೌದು. ಗರ್ಭದೊಳಗೆ ಹೋದ ಮೇಲೆ ಭ್ರೂಣ ಹೊರಪದರದ ಕೋಶಗಳಿಂದ ಇಂಟರ್‌ಫೆರಾನ್ ಟೌ ಅನ್ನುವುದನ್ನು ಹೊರಬಿಡುತ್ತದೆ. "ನಾನಿದ್ದೇನೆ, ಬೆದೆಗೆ ಬರಬೇಡ" ಅಂತ ತಾಯಿಗೆ ಅದು ಹೇಳುವ ರೀತಿ ಇದು. ಇಂಟರ್‌ಫೆರಾನ್‌ಗಳು ಮೂಲತಃ ವೈರಸ್ ತಡೆಯುವ ಪ್ರೋಟೀನ್‌ಗಳು. ಗಬ್ಬದ ಈ ಸಂದೇಶ ಅದೇ ಕುಟುಂಬದ್ದು ಅಂತ ಕುರಿಗಳಲ್ಲಿ ತಿಳಿದದ್ದು 1987ರಲ್ಲಿ. ಆದರೆ ಅದು ಜೋರಾಗುವುದು ಎರಡನೇ ವಾರ ಕಳೆದ ಮೇಲೆ. ಪೊರೆ ಹರಿಯುವುದು ಎಂಟೊಂಬತ್ತನೇ ದಿನಕ್ಕೆ. ನಡುವಿನ ಆ ದಿನಗಳಲ್ಲಿ ಭ್ರೂಣಕ್ಕೆ ಪೊರೆಯೂ ಇಲ್ಲ, ತನ್ನದೇ ಬಲವೂ ಇನ್ನೂ ಪೂರ್ತಿ ಬಂದಿಲ್ಲ.

ಈಗ ಸಂಶೋಧಕರು ಭ್ರೂಣವನ್ನು ತಟ್ಟೆಯಲ್ಲೇ ಇನ್ನಷ್ಟು ದಿನ ಬೆಳೆಸಲು ಹೊರಟಿದ್ದಾರೆ. ಒಂಬತ್ತನೇ ದಿನ ಬೆಳಿಗ್ಗೆ ಅವರು ಇನ್‌ಕ್ಯುಬೇಟರ್ ತೆಗೆದು ನೋಡಿದರೆ, ತಟ್ಟೆಯ ತಳದಲ್ಲಿ ಒಡೆದ ಪೊರೆ ಒಂದು ಕಡೆ ಖಾಲಿ ಚೀಲದಂತೆ ಬಿದ್ದಿರುತ್ತದೆ. ಅದರ ಪಕ್ಕದಲ್ಲಿ ಬೆತ್ತಲೆ ಭ್ರೂಣ, ಆಗ ತಾನೇ ಬದಲಿಸಿದ ಸೀರಮ್ ಬೆರೆತ ದ್ರಾವಣದಲ್ಲಿ, ಮೆಲ್ಲಗೆ ಹಿಗ್ಗುತ್ತಿರುತ್ತದೆ.